ದೂರದ ದನಿಗೆ ಕಿವಿಗೊಟ್ಟವರು

1901ನೆಯ ಇಸವಿ ಡಿಸೆಂಬರ್ 12. ಅಟ್ಲಾಂಟಿಕ್ ಸಾಗರದ ಪಶ್ಚಿಮ ದಂಡೆಯಲ್ಲಿರುವ ನ್ಯೂಫೌಂಡ್‌ಲೆಂಡ್ ದ್ವೀಪದಲ್ಲಿ, ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ ಗಾಳಿ ಬಿರುಸಾಗಿ ಬೀಸುತ್ತಿತ್ತು. ಆ ಗಾಳಿಯಲ್ಲಿ ದೊಡ್ಡದೊಂದು ಗಾಳಿಪಟ ಹೊಯ್ದಾಡುತ್ತಿತ್ತು. ಅದು ಆಟಕ್ಕಾಗಿ ಹಾರಿಸಿದ ಪಟವಲ್ಲ. ಉದ್ದವಾದ ತಂತಿಯೊಂದನ್ನು ಆಕಾಶಕ್ಕೆ ಎತ್ತಿ ಹಿಡಿಯಲು ಹಾರಿಸಿದ್ದ ಪಟ. ತಂತಿಯ ಕೆಳತುದಿ ಕಟ್ಟಡವೊಂದರ ಕೋಣೆಯನ್ನು ಸೇರಿತ್ತು. ಅಲ್ಲಿ 27 ವರ್ಷದ ತರುಣ ಗುಗ್ಲಿಯೆಲ್ಮೊ ಮಾರ್ಕೋನಿ, ದೂರವಾಣಿಯ ಆಲಿಕೆಯನ್ನು ಕಿವಿಗೆ ಒತ್ತಿಕೊಂಡು ಕುಳಿತಿದ್ದರು. ಸುಮಾರು 3,500 ಕಿಲೋಮೀಟರ್ ಆಚೆ, ಇಂಗ್ಲೆಂಡಿನ ಪೋಲ್ಡು ಎಂಬಲ್ಲಿಂದ ಮೋರ್ಸ್ ಸಂಕೇತದ 'ಎಸ್' ಅಕ್ಷರವನ್ನು, ಎಂದರೆ ಮೂರು ಚುಕ್ಕೆಗಳನ್ನು, ಮತ್ತೆ ಮತ್ತೆ ಕಳುಹಿಸುವ ಏರ್ಪಾಟಾಗಿತ್ತು. ಗುಂಯ್‌ಗುಟ್ಟುವ ಸದ್ದಿನ ನಡುವೆ ಮಾರ್ಕೋನಿಯವರಿಗೆ ಮೂರು ಮೃದುವಾದ ಟಕಟಕ ಸಪ್ಪಳಗಳು ಕೇಳಿಸಿದವು. ಅವರು ಆಲಿಕೆಯನ್ನು ಸಹಾಯಕ ಜಾರ್ಜ್ ಕೆಂಪ್ ಅವರ ಕೈಗೆ ಕೊಟ್ಟರು. ಅವರಿಗೂ ಕೇಳಿಸಿತು.

ಲೋಕ ಬೆರಗಾಯಿತು. ಆದರೆ ಕೆಲವರು ಸಂದೇಹಪಟ್ಟರು. ಕೇಳಿದವರು ಇಬ್ಬರೇ, ಅವರಿಗೆ ಏನು ಕೇಳಬೇಕೆಂಬುದು ಮೊದಲೇ ತಿಳಿದಿತ್ತು, ಕಾಗದದ ಮೇಲೆ ಯಾವ ಗುರುತೂ ಮೂಡಿರಲಿಲ್ಲ. ಮಿಂಚಿನಿಂದ ಹುಟ್ಟುವ ಗರಗರ ಸದ್ದನ್ನೇ ಅವರು ಸಂಕೇತವೆಂದು ಭ್ರಮಿಸಿರಬಾರದೇಕೆ? ಈ ಪ್ರಶ್ನೆಯನ್ನು ಬಲ್ಲವರು ಇಂದಿಗೂ ಚರ್ಚಿಸುತ್ತಾರೆ. ಮಾರ್ಕೋನಿಯವರು ಸಂದೇಹಕ್ಕೆ ವಾದದಿಂದ ಉತ್ತರ ಕೊಡಲಿಲ್ಲ. 1902ರ ಫೆಬ್ರುವರಿಯಲ್ಲಿ 'ಫಿಲಡೆಲ್ಫಿಯ' ಎಂಬ ಹಡಗನ್ನೇರಿ ಅಮೆರಿಕದತ್ತ ಹೊರಟರು. ಈ ಸಲ ಬಂದ ಸಂಕೇತಗಳು ಕಾಗದದ ಪಟ್ಟಿಯ ಮೇಲೆ ತಾವಾಗಿಯೇ ಅಚ್ಚಾಗುವಂತೆ ಯಂತ್ರವನ್ನು ಅಳವಡಿಸಿದ್ದರು. ಸುಮಾರು 2,500 ಕಿಲೋಮೀಟರ್ ದೂರದವರೆಗೆ ಪೂರ್ಣ ಸಂದೇಶಗಳೂ, 3,300 ಕಿಲೋಮೀಟರಿಗೂ ಹೆಚ್ಚು ದೂರದವರೆಗೆ 'ಎಸ್' ಅಕ್ಷರವೂ ದಾಖಲಾದವು. ಹಡಗಿನ ಕಪ್ತಾನರು ಅದಕ್ಕೆ ಸಾಕ್ಷಿಯಾದರು.

ದೂರದ ದನಿಯನ್ನು ಕೇಳುವುದು ಒಂದು ಸಾಧನೆ. ಕೇಳಿದ್ದು ನಿಜವೆಂದು ತೋರಿಸಿಕೊಡುವುದು ಅದಕ್ಕಿಂತ ಹಿರಿದಾದ ಸಾಧನೆ. ಮುಂದೆ ಲೋಕದಾದ್ಯಂತ ಸಾವಿರಾರು ಜನರು ಕೈಗೊಂಡ ಹವ್ಯಾಸವೊಂದಕ್ಕೆ ಈ ಮಾತೇ ತಳಹದಿಯಾಯಿತು. ದೂರದ ಕಿರುತರಂಗ ರೇಡಿಯೊ ನಿಲಯಗಳನ್ನು ಹುಡುಕಿ ಆಲಿಸುವುದೇ ಆ ಹವ್ಯಾಸ. ತಂತಿ ಸಮಾಚಾರದವರು ದೂರ ಎಂಬ ಅರ್ಥದಲ್ಲಿ ಬಳಸುತ್ತಿದ್ದ ಸಂಕ್ಷೇಪದಿಂದ ಅದಕ್ಕೆ 'ಡಿಎಕ್ಸ್' ಎಂಬ ಹೆಸರು ಬಂದಿತು.

ಭೂಮಿ ಗುಂಡಗಿದೆ, ರೇಡಿಯೊ ತರಂಗಗಳಾದರೋ ಬೆಳಕಿನಂತೆ ನೇರವಾಗಿ ಹೋಗುವ ಸ್ವಭಾವದವು. ಹಾಗಿದ್ದ ಮೇಲೆ ಅವು ಸಾಗರವನ್ನು ದಾಟಿ, ಭೂಮಿಯ ಬಾಗನ್ನು ಬಳಸಿ, ಇನ್ನೊಂದು ಖಂಡವನ್ನು ಮುಟ್ಟುವುದು ಹೇಗೆ? 1902ರಲ್ಲಿ ಅಮೆರಿಕದ ಕೆನೆಲಿ ಮತ್ತು ಇಂಗ್ಲೆಂಡಿನ ಹೆವಿಸೈಡ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಒಂದೇ ಉತ್ತರವನ್ನು ಸೂಚಿಸಿದರು. ವಾಯುಮಂಡಲದ ಎತ್ತರದಲ್ಲಿ ವಿದ್ಯುತ್ತನ್ನು ಹರಿಯಗೊಡುವ ಪದರವೊಂದು ಇರಬೇಕು. ತರಂಗಗಳು ಅಲ್ಲಿಂದ ಬಾಗಿ ನೆಲಕ್ಕೆ ಮರಳುತ್ತಿರಬೇಕು ಎಂಬುದು ಅವರ ಊಹೆ. 1924ರಲ್ಲಿ ಎಡ್ವರ್ಡ್ ಆಪಲ್‌ಟನ್ ಮತ್ತು ಅವರ ಸಂಗಡಿಗ ಬಾರ್ನೆಟ್ ಪ್ರಯೋಗದಿಂದ ಆ ಪದರವನ್ನು ಪತ್ತೆಮಾಡಿದರು. ಆಪಲ್‌ಟನ್ ಅವರಿಗೆ 1947ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ವರ್ಷ ಕಲ್ಕತ್ತದ ಶಿಶಿರ ಕುಮಾರ ಮಿತ್ರ ಅವರು ಮೇಲಣ ವಾಯುಮಂಡಲವನ್ನು ಕುರಿತು ಬರೆದ ಗ್ರಂಥವು ಪ್ರಕಟವಾಗಿ, ಈ ಕ್ಷೇತ್ರದ ವಿದ್ವಾಂಸರಿಗೆಲ್ಲ ಆಧಾರಗ್ರಂಥವಾಯಿತು.

ಈ ಪದರಗಳ ಸಮೂಹಕ್ಕೆ ಅಯಾನುಗೋಳವೆಂದು ಹೆಸರು. ಸೂರ್ಯನ ಅತಿನೇರಳೆ ಮತ್ತು ಎಕ್ಸ್ ಕಿರಣಗಳು ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುವುದರಿಂದ ಅದು ಉಂಟಾಗುತ್ತದೆ. ಹಗಲಿನಲ್ಲಿ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದ ಕೆಳಪದರವು ಕಡಿಮೆ ಆವೃತ್ತಿಯ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಬೇಗನೆ ಕರಗುತ್ತದೆ. ಆಗ ತರಂಗಗಳು ತಡೆಯಿಲ್ಲದೆ ಏರಿ, ಇನ್ನೂ ಎತ್ತರದ ಪದರವನ್ನು ತಲಪಿ, ಅಲ್ಲಿಂದ ಬಾಗಿ ಭೂಮಿಗೆ ಮರಳುತ್ತವೆ. ಗೋಡೆಗೆ ಎಸೆದ ಚೆಂಡು ಪುಟಿದು ದೂರ ಹೋಗಿ ಬೀಳುವಂತೆ ಒಂದೇ ನೆಗೆತದಲ್ಲಿ ಅವು 4,000 ಕಿಲೋಮೀಟರಿನಷ್ಟು ದೂರವನ್ನು ಕ್ರಮಿಸಬಲ್ಲವು. ನೆಲದಿಂದ ಮತ್ತೆ ಪುಟಿದು ಇನ್ನೊಂದು ನೆಗೆತವನ್ನೂ ಹಾಕಬಲ್ಲವು. ನೆಗೆತದ ನಡುವಣ ಪ್ರದೇಶದವರಿಗೆ ಆ ನಿಲಯ ಕೇಳಿಸದೆ ಹೋಗಬಹುದು. ಪಕ್ಕದ ಊರಿಗೆ ಕೇಳಿಸದ ನಿಲಯ ಪಕ್ಕದ ಖಂಡಕ್ಕೆ ಕೇಳಿಸುವ ಸೋಜಿಗ ಇದರಿಂದಲೇ ಉಂಟಾಗುತ್ತದೆ.

ತರಂಗದ ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ದೂರವೇ ತರಂಗಾಂತರ. ಒಂದು ಸೆಕೆಂಡಿನಲ್ಲಿ ಹಾದುಹೋಗುವ ತರಂಗಗಳ ಸಂಖ್ಯೆಯೇ ಆವೃತ್ತಿ. ಸಾಮಾನ್ಯವಾಗಿ 3ರಿಂದ 30 ಮೆಗಾಹರ್ಟ್ಸ್ ಆವೃತ್ತಿಯ, ಎಂದರೆ 100ರಿಂದ 10 ಮೀಟರ್ ತರಂಗಾಂತರದ ಅಲೆಗಳನ್ನು ಕಿರುತರಂಗಗಳೆನ್ನುತ್ತಾರೆ. ದೂರದ ಸಂಪರ್ಕಕ್ಕೆ ಉದ್ದ ತರಂಗಗಳೇ ತಕ್ಕವೆಂದು ಮೊದಲಿಗೆ ಎಲ್ಲರೂ ನಂಬಿದ್ದರು. ಆದುದರಿಂದ 1912ರಲ್ಲಿ ಅಮೆರಿಕದ ಸರ್ಕಾರವು ಕೆಲಸಕ್ಕೆ ಬಾರದ ಬಂಜರನ್ನು ಬಿಟ್ಟುಕೊಟ್ಟಂತೆ 200 ಮೀಟರಿಗಿಂತ ಕಿರಿದಾದ ತರಂಗಗಳನ್ನು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿತು. ಆ ಬಂಜರಿನಲ್ಲಿ ಹವ್ಯಾಸಿಗಳು ಬೆಳೆ ತೆಗೆದರು. 1923ರ ನವೆಂಬರಿನಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಹವ್ಯಾಸಿಗಳು ಸುಮಾರು 110 ಮೀಟರ್ ತರಂಗಾಂತರದಲ್ಲಿ ಅಟ್ಲಾಂಟಿಕ್ಕಿನ ಎರಡು ದಡಗಳಿಂದ ಪರಸ್ಪರ ಸಂದೇಶಗಳನ್ನು ವಿನಿಮಯ ಮಾಡಿಕೊಂಡರು. ಮುಂದೆ ಸರ್ಕಾರಗಳೂ ಸಂಸ್ಥೆಗಳೂ ಅದೇ ದಾರಿ ಹಿಡಿದವು. 1932ರ ಡಿಸೆಂಬರ್ 19ರಂದು ಬಿಬಿಸಿಯ ಸಾಮ್ರಾಜ್ಯ ಸೇವೆ ಮೊದಲಾಯಿತು. 1939ರ ಅಕ್ಟೋಬರ್ 1ರಂದು ಪುಷ್ತು ಭಾಷೆಯ ಪ್ರಸಾರದೊಂದಿಗೆ ಆಲ್ ಇಂಡಿಯ ರೇಡಿಯೊದ ವಿದೇಶ ಸೇವೆ ಆರಂಭವಾಯಿತು. 1990ರ ದಶಕದಲ್ಲಿ ಬೆಂಗಳೂರಿನ ಬಳಿ 500 ಕಿಲೋವಾಟ್ ಸಾಮರ್ಥ್ಯದ ಕಿರುತರಂಗ ಪ್ರಸಾರಯಂತ್ರಗಳು ನೆಲೆಗೊಂಡವು. ಯೂರೋಪಿನಲ್ಲಿ ಕುಳಿತು ಬೆಂಗಳೂರಿನಿಂದ ಹೊರಟ ಪ್ರಸಾರವನ್ನು ಆಲಿಸಿದ ಹವ್ಯಾಸಿಗಳಿದ್ದಾರೆ.

ಕನ್ನಡ ನಾಡಿನ ಎಷ್ಟೋ ಮನೆಗಳು ಈ ಹವ್ಯಾಸದ ಹೆಸರನ್ನು ಕೇಳದೆಯೇ ಅದರ ಹೊಸ್ತಿಲನ್ನು ತುಳಿದಿದ್ದವು. 1952ರಲ್ಲಿ ರೇಡಿಯೊ ಸಿಲೋನಿನಿಂದ 'ಬಿನಾಕ ಗೀತಮಾಲ' ಪ್ರಸಾರವಾಗತೊಡಗಿದಾಗ, ಬುಧವಾರ ರಾತ್ರಿ ಮನೆಮಂದಿಯೆಲ್ಲ ರೇಡಿಯೊದ ಸುತ್ತ ಸೇರುತ್ತಿದ್ದರು. ಹಾಡು ಒಮ್ಮೆ ಉಕ್ಕಿ, ಒಮ್ಮೆ ಕುಗ್ಗಿ, ಮತ್ತೆ ಮೇಲೇಳುತ್ತಿತ್ತು. ಆ ಏರಿಳಿತ ಹಾಡುಗಾರರದಲ್ಲ, ಅಯಾನುಗೋಳದ್ದು. ಬೇರೆ ಬೇರೆ ದಾರಿಗಳಿಂದ ಬಂದ ತರಂಗಗಳು ಒಮ್ಮೆ ಕೂಡಿ ಒಮ್ಮೆ ಕಳೆದು ಅಂಥ ಏರಿಳಿತವನ್ನು ಉಂಟುಮಾಡುತ್ತವೆ.

ಈ ಹವ್ಯಾಸಕ್ಕೆ ಬೇಕಾದ ಸಾಮಗ್ರಿ ಹೆಚ್ಚಿನದೇನಲ್ಲ. ಕಿರುತರಂಗವನ್ನು ಹಿಡಿಯುವ ಒಂದು ರೇಡಿಯೊ, ಎತ್ತರದಲ್ಲಿ ಎಳೆದು ಕಟ್ಟಿದ ಹತ್ತಿಪ್ಪತ್ತು ಮೀಟರ್ ತಾಮ್ರದ ತಂತಿ, ಒಂದು ಗಡಿಯಾರ, ಒಂದು ನೋಟುಪುಸ್ತಕ, ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ; ಇವಿಷ್ಟಿದ್ದರೆ ಸಾಕು. ತಂತಿಯನ್ನು ವಿದ್ಯುತ್ ಕಂಬಗಳಿಂದ ಬಹುದೂರ ಕಟ್ಟಬೇಕು. ಗುಡುಗು ಮಿಂಚಿನ ಸೂಚನೆ ಕಂಡೊಡನೆ ಅದನ್ನು ರೇಡಿಯೊದಿಂದ ಬಿಡಿಸಿ ಹೊರಗೆ ಹಾಕಬೇಕು. ಸಾಮಾನ್ಯವಾಗಿ ಹಗಲಿನಲ್ಲಿ 19 ಮೀಟರಿನಂಥ ಕಿರಿಯ ತರಂಗಗಳೂ, ಇರುಳಿನಲ್ಲಿ 31, 41, 49 ಮೀಟರ್ ಪಟ್ಟಿಗಳೂ ಚೆನ್ನಾಗಿ ಕೇಳಿಸುತ್ತವೆ. ಸೂರ್ಯೋದಯ ಮತ್ತು ಸೂರ್ಯಾಸ್ತದ ಆಸುಪಾಸಿನಲ್ಲಿ ಬೇರೆ ಹೊತ್ತಿನಲ್ಲಿ ಸಿಗದ ನಿಲಯಗಳು ಕೆಲವೇ ನಿಮಿಷ ಇಣುಕಿ ಮರೆಯಾಗುವುದುಂಟು. ಸುಮಾರು 11 ವರ್ಷಗಳಿಗೊಮ್ಮೆ ಸೂರ್ಯನ ಕಲೆಗಳು ಹೆಚ್ಚಿ ಕುಗ್ಗುವುದಕ್ಕೆ ಅನುಗುಣವಾಗಿ ಕೇಳುವಿಕೆಯೂ ಬದಲಾಗುತ್ತದೆ. 2024ರ ಮೇ ತಿಂಗಳಲ್ಲಿ ಸೂರ್ಯನಲ್ಲಿ ಪ್ರಬಲ ಸ್ಫೋಟಗಳೆದ್ದು, ಲಡಾಖಿನ ಹಾನ್ಲೆಯ ಆಕಾಶದಲ್ಲಿಯೂ ಕೆಂಬಣ್ಣದ ಧ್ರುವಪ್ರಭೆ ಕಾಣಿಸಿಕೊಂಡಿತು. ಆ ದಿನಗಳಲ್ಲಿ ಭೂಮಿಯ ಹಗಲಿನ ಭಾಗದ ಕಿರುತರಂಗಗಳು ಮತ್ತೆ ಮತ್ತೆ ಮಸುಕಾದವು. ರೇಡಿಯೊದ ಮುಂದೆ ಕುಳಿತವನು ಹೀಗೆ ತನಗರಿವಿಲ್ಲದೆಯೇ ಸೂರ್ಯನನ್ನೂ ಆಲಿಸುತ್ತಿರುತ್ತಾನೆ.

ಇರುಳಿನಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿದರೂ ಒಂದು ದೇಶ ಹೋಗಿ ಇನ್ನೊಂದು ದೇಶ ಬರುತ್ತದೆ. ಅದು ಯಾವುದೆಂದು ತಿಳಿಯುವುದು ಹೇಗೆ? ಕಾರ್ಯಕ್ರಮ ಮೊದಲಾಗುವ ಮುನ್ನ ನಿಲಯಗಳು ತಮ್ಮ ಗುರುತಿನ ದನಿಯನ್ನು ಕೇಳಿಸುವುದುಂಟು. ತಂಬೂರಿಯ ಶ್ರುತಿಯ ಮೇಲೆ ತೇಲಿಬರುವ ಪಿಟೀಲಿನ ನಾದ ಆಕಾಶವಾಣಿಯದು. ನಗುವಿನಂತೆ ಕೂಗುವ ಕೂಕಬರ ಹಕ್ಕಿಯ ದನಿಯನ್ನು ರೇಡಿಯೊ ಆಸ್ಟ್ರೇಲಿಯ ಬಳಸುತ್ತಿತ್ತು. ಅಂಥ ಗುರುತು ಸಿಗದಿದ್ದಾಗ ಭಾಷೆಯ ಲಯ, ಸಂಗೀತದ ರೀತಿ, ಹೇಳಿದ ಊರಿನ ಹೆಸರು ಇವುಗಳನ್ನು ಗಮನಿಸಿ, ಗಂಟೆಯ ತಲೆಗೆ ನಿಲಯದ ಹೆಸರು ಹೇಳುವವರೆಗೆ ಕಾಯಬೇಕು. ಎಷ್ಟೋ ಸಲ ಆ ಹೆಸರನ್ನು ಹೇಳುವ ಗಳಿಗೆಯಲ್ಲಿಯೇ ದನಿ ಮುಳುಗಿಹೋಗುತ್ತದೆ. ಆಗ ನಾಳೆ ಮತ್ತೆ ಕುಳಿತುಕೊಳ್ಳುವುದೊಂದೇ ದಾರಿ.

ಕೇಳಿದ ಬಳಿಕ ಆ ನಿಲಯಕ್ಕೆ ವರದಿ ಬರೆದು ಕಳುಹಿಸುವುದು ಈ ಹವ್ಯಾಸದ ಮುಖ್ಯ ಅಂಗ. ದಿನಾಂಕ, ಅಂತರರಾಷ್ಟ್ರೀಯ ಪ್ರಮಾಣ ವೇಳೆ, ಆವೃತ್ತಿ, ಕೇಳಿದ ಕಾರ್ಯಕ್ರಮದ ವಿವರ ಇವುಗಳನ್ನು ಅದರಲ್ಲಿ ನಮೂದಿಸಬೇಕು. ಭಾರತದ ವೇಳೆಯಲ್ಲಿ ಐದೂವರೆ ಗಂಟೆ ಕಳೆದರೆ ಅಂತರರಾಷ್ಟ್ರೀಯ ವೇಳೆ ದೊರೆಯುತ್ತದೆ. ಸಂಕೇತದ ಬಲ, ಇತರ ನಿಲಯಗಳ ಅಡ್ಡಿ, ಗದ್ದಲ, ದನಿಯ ಏರಿಳಿತ, ಒಟ್ಟು ಗುಣ ಈ ಐದಕ್ಕೂ ಒಂದರಿಂದ ಐದರವರೆಗೆ ಅಂಕಗಳನ್ನು ಕೊಡುವ ಪದ್ಧತಿಯಿದೆ. ನಿಲಯದವರು ವರದಿಯನ್ನು ತಮ್ಮ ದಿನಚರಿಯೊಡನೆ ಹೋಲಿಸಿ ನೋಡಿ, ಸರಿಯಾಗಿದ್ದರೆ 'ಕ್ಯುಎಸ್‌ಎಲ್' ಎಂಬ ದೃಢೀಕರಣ ಪತ್ರವನ್ನು ಕಳುಹಿಸುತ್ತಾರೆ. ಕೆಲವೊಮ್ಮೆ ಅದು ಕೈಸೇರಲು ತಿಂಗಳುಗಳೇ ಹಿಡಿಯುತ್ತವೆ. ಸುಂದರವಾದ ಚಿತ್ರವುಳ್ಳ ಆ ಕಾರ್ಡು ಹವ್ಯಾಸಿಗೆ ಪಾರಿತೋಷಕವಿದ್ದಂತೆ.

ಪ್ರಲೋಭನೆ ಇರುವುದೂ ಇಲ್ಲಿಯೇ. ನಿಲಯಗಳ ಕಾರ್ಯಕ್ರಮ ಪಟ್ಟಿಯನ್ನು ನೋಡಿಕೊಂಡು, ಕೇಳದ್ದನ್ನು ಕೇಳಿದೆನೆಂದು ಬರೆಯುವುದು ಕಷ್ಟವಲ್ಲ. ಕೋಣೆಯಲ್ಲಿ ನೋಡುವವರು ಯಾರೂ ಇರುವುದಿಲ್ಲ. ಆದರೆ ಅಂಥ ವರದಿ ನಿಲಯಕ್ಕೆ ನಷ್ಟವನ್ನುಂಟುಮಾಡುತ್ತದೆ. ತಮ್ಮ ದನಿ ಎಲ್ಲಿ ಮುಟ್ಟುತ್ತಿದೆ, ಎಲ್ಲಿ ಮುಟ್ಟುತ್ತಿಲ್ಲ ಎಂಬುದನ್ನು ತಿಳಿಯಲು ಅಲ್ಲಿಯ ಎಂಜಿನಿಯರುಗಳಿಗೆ ಕೇಳುಗರ ವರದಿಯೂ ಒಂದು ಆಧಾರ. ಆದುದರಿಂದ ಕೇಳಿಸಿದ್ದನ್ನು ಮಾತ್ರ ಬರೆಯಬೇಕು, ಕೇಳಿಸದಿದ್ದರೆ ಕೇಳಿಸಲಿಲ್ಲವೆಂದೇ ಬರೆಯಬೇಕು ಎಂಬುದು ಈ ಹವ್ಯಾಸದ ಮೊದಲ ನಿಯಮ.

ಆ ನಿಯಮದ ಬೆಲೆ ಎಷ್ಟೆಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಪಷ್ಟವಾಯಿತು. ಜರ್ಮನಿ ಮತ್ತು ಜಪಾನಿನ ಕಿರುತರಂಗ ನಿಲಯಗಳು ತಮ್ಮ ಪ್ರಚಾರವನ್ನು ಅಮೆರಿಕದವರು ಕೇಳಲೆಂಬ ಉದ್ದೇಶದಿಂದ, ಸೆರೆಸಿಕ್ಕ ಸೈನಿಕರ ಹೆಸರು ಮತ್ತು ವಿಳಾಸಗಳನ್ನು ನಡುನಡುವೆ ಓದುತ್ತಿದ್ದವು. ಅಮೆರಿಕದ ಅನೇಕ ಹವ್ಯಾಸಿ ಕೇಳುಗರು ಇರುಳೆಲ್ಲ ಎಚ್ಚರವಿದ್ದು ಆ ಹೆಸರುಗಳನ್ನು ಬರೆದುಕೊಂಡರು. ತಮಗೆ ಪರಿಚಯವೇ ಇಲ್ಲದ ಆ ಸೈನಿಕರ ತಂದೆತಾಯಿಗಳಿಗೆ ಸ್ವಂತ ಖರ್ಚಿನಲ್ಲಿ ಕಾರ್ಡುಗಳನ್ನು ಹಾಕಿದರು. ಮಗ ಬದುಕಿರುವನೋ ಇಲ್ಲವೋ ಎಂಬುದನ್ನೂ ತಿಳಿಯದೆ ಕೊರಗುತ್ತಿದ್ದ ಮನೆಗಳಿಗೆ ಆ ಕಾರ್ಡುಗಳು ಭರವಸೆಯನ್ನು ತಂದವು. ಆದರೆ ಗದ್ದಲದ ನಡುವೆ ಅರ್ಧ ಕೇಳಿಸಿದ ಹೆಸರನ್ನು ಊಹೆಯಿಂದ ತುಂಬಿದ್ದರೆ? ತಪ್ಪು ಮನೆಗೆ ಸಂತೋಷ, ಸರಿಯಾದ ಮನೆಗೆ ಮೌನ! ಕೇಳಿಸಿದ್ದಿಷ್ಟು, ಸಂದೇಹವಿರುವುದಿಷ್ಟು ಎಂದು ಪ್ರಾಮಾಣಿಕವಾಗಿ ಬರೆಯುವುದು ಅಲ್ಲಿ ಕೇವಲ ಹವ್ಯಾಸದ ಶಿಸ್ತಾಗಿರಲಿಲ್ಲ, ಮಾನವೀಯ ಧರ್ಮವಾಗಿತ್ತು.

ಎಚ್ಚರದಿಂದ ಆಲಿಸುವವರಿಗೆ ಗದ್ದಲವೂ ಪಾಠ ಹೇಳಬಲ್ಲದು. 1930ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ಲ್ ಜಾನ್ಸ್ಕಿ ಎಂಬ ತರುಣ ಎಂಜಿನಿಯರು ಕಿರುತರಂಗ ದೂರವಾಣಿಗೆ ಅಡ್ಡಿಮಾಡುವ ಸದ್ದುಗಳ ಮೂಲವನ್ನು ಹುಡುಕುತ್ತಿದ್ದರು. ಹತ್ತಿರದ ಗುಡುಗು, ದೂರದ ಗುಡುಗು ಇವೆರಡರ ಸದ್ದಲ್ಲದೆ ಸಣ್ಣನೆಯ 'ಸುಯ್' ಎಂಬ ಮೂರನೆಯ ಸದ್ದೊಂದು ಅವರಿಗೆ ಕೇಳಿಸಿತು. ಅದನ್ನು ಅವರು ಕಡೆಗಣಿಸದೆ ತಿಂಗಳುಗಟ್ಟಲೆ ದಾಖಲಿಸಿದರು. ಅದು 24 ಗಂಟೆಗೊಮ್ಮೆ ಅಲ್ಲ, 23 ಗಂಟೆ 56 ನಿಮಿಷಗಳಿಗೊಮ್ಮೆ ತಾರಕಕ್ಕೇರುತ್ತಿತ್ತು. ನಕ್ಷತ್ರಗಳು ಆಕಾಶದಲ್ಲಿ ಮತ್ತೆ ಅದೇ ಸ್ಥಾನಕ್ಕೆ ಬರಲು ಹಿಡಿಯುವ ಕಾಲವೂ ಅಷ್ಟೇ. ಆ ಸದ್ದು ಆಕಾಶಗಂಗೆಯಿಂದಲೇ ಬರುತ್ತಿದೆ ಎಂದು 1933ರಲ್ಲಿ ಅವರು ಪ್ರಕಟಿಸಿದರು. ನಾಲ್ಕು ನಿಮಿಷಗಳ ವ್ಯತ್ಯಾಸವನ್ನು ಬಿಡದೆ ಬರೆದಿಟ್ಟುದರಿಂದ ರೇಡಿಯೊ ಖಗೋಳವಿಜ್ಞಾನ ಹುಟ್ಟಿತು. ಕರ್ನಾಟಕದ ಗೌರಿಬಿದನೂರಿನ ಬಳಿ 34.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ, ಎಂದರೆ ಕಿರುತರಂಗದ ಅಂಚಿನಲ್ಲಿಯೇ, ಆಕಾಶವನ್ನು ಆಲಿಸಿದ ರೇಡಿಯೊ ದೂರದರ್ಶಕವು ಆ ವಿಜ್ಞಾನದ ಪರಂಪರೆಗೆ ಸೇರಿದ್ದು.

ದೊಡ್ಡ ಪ್ರಯೋಗಶಾಲೆಗಳಿಲ್ಲದ ಶಾಲಾಬಾಲಕರೂ ಇಂಥ ಕೆಲಸ ಮಾಡಬಲ್ಲರೆಂಬುದಕ್ಕೆ ಇಂಗ್ಲೆಂಡಿನ ಕೆಟರಿಂಗ್ ಎಂಬ ಪಟ್ಟಣದ ಗ್ರಾಮರ್ ಶಾಲೆಯೇ ಸಾಕ್ಷಿ. ಅಲ್ಲಿಯ ಭೌತಶಾಸ್ತ್ರದ ಉಪಾಧ್ಯಾಯ ಜೆಫ್ರಿ ಪೆರಿಯವರು 1960ರ ದಶಕದಲ್ಲಿ ಸಾಧಾರಣ ಕಿರುತರಂಗ ಗ್ರಾಹಕದಿಂದ ಸೋವಿಯತ್ ಒಕ್ಕೂಟದ ಕೃತಕ ಉಪಗ್ರಹಗಳ ಸಂಕೇತಗಳನ್ನು ವಿದ್ಯಾರ್ಥಿಗಳಿಗೆ ಕೇಳಿಸುತ್ತಿದ್ದರು. ರೈಲು ಹತ್ತಿರ ಬಂದು ದಾಟಿಹೋಗುವಾಗ ಅದರ ಸೀಟಿಯ ಶ್ರುತಿ ಇಳಿಯುವಂತೆ, ಉಪಗ್ರಹ ಹಾದುಹೋಗುವಾಗ ಅದರ ಸಂಕೇತದ ಆವೃತ್ತಿಯೂ ಇಳಿಯುತ್ತದೆ. ವಿದ್ಯಾರ್ಥಿಗಳು ಪ್ರತಿ ಹಾದಿಯ ವೇಳೆಯನ್ನು ಗುರುತಿಸಿ ಲೆಕ್ಕ ಹಾಕಿದರು. 1966ರಲ್ಲಿ 'ಕಾಸ್ಮಾಸ್ 112' ಎಂಬ ಉಪಗ್ರಹದ ಪಥ ಹಿಂದಿನವುಗಳಂತೆ ಇರಲಿಲ್ಲ. ಅದರ ಪಥವನ್ನೂ, ಆ ವರ್ಷ ಮುಂದೆ ಹಾರಿದ ಉಪಗ್ರಹದ ಪಥವನ್ನೂ ಭೂಪಟದ ಮೇಲೆ ಎಳೆದು ನೋಡಿದಾಗ ಅವು ರಷ್ಯದ ಉತ್ತರ ಭಾಗದಲ್ಲಿ, ಪ್ಲೆಸೆಟ್ಸ್ಕ್ ಎಂಬ ಊರಿನ ಬಳಿ ಸಂಧಿಸಿದವು. ಅಲ್ಲಿ ಹೊಸದೊಂದು ಉಡಾವಣಾ ಕೇಂದ್ರವಿದೆ ಎಂದು ಆ ಶಾಲೆ ಲೋಕಕ್ಕೆ ತಿಳಿಸಿತು. ಸೋವಿಯತ್ ಒಕ್ಕೂಟ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1983ರಲ್ಲಿ.

ಕಿರುತರಂಗದ ಹಿಂದಿನ ವೈಭವ ಇಂದು ಉಳಿದಿಲ್ಲ. ಉಪಗ್ರಹ ಮತ್ತು ಅಂತರಜಾಲದ ಮೂಲಕ ದನಿ ಮನೆಬಾಗಿಲಿಗೆ ಬರತೊಡಗಿದ ಮೇಲೆ ಅನೇಕ ದೇಶಗಳು ತಮ್ಮ ಪ್ರಸಾರಯಂತ್ರಗಳನ್ನು ಮುಚ್ಚಿದವು. ಕೂಕಬರ ಹಕ್ಕಿಯ ದನಿಯನ್ನು ಕೇಳಿಸುತ್ತಿದ್ದ ಆಸ್ಟ್ರೇಲಿಯದ ಕಿರುತರಂಗ ಪ್ರಸಾರ 2017ರ ಜನವರಿ 31ರಂದು ನಿಂತಿತು. ಮನೆಮನೆಯ ಎಲ್‌ಇಡಿ ದೀಪಗಳೂ ಚಾರ್ಜರುಗಳೂ ಹೊರಸೂಸುವ ವಿದ್ಯುತ್ ಗದ್ದಲದಲ್ಲಿ ಉಳಿದ ನಿಲಯಗಳು ಅಡಗಿಹೋಗುತ್ತಿವೆ. ಊರಿನಲ್ಲಿ ಕರೆಂಟು ಹೋದ ರಾತ್ರಿಯೇ ಇಂದಿನ ಹವ್ಯಾಸಿಗೆ ಹಬ್ಬ! ಆದರೂ ಕಿರುತರಂಗದ ಪ್ರಯೋಜನ ತೀರಿಹೋಗಿಲ್ಲ. ನಡುವೆ ಯಾವ ತಂತಿಯೂ ಗೋಪುರವೂ ಇಲ್ಲದೆ ಗಡಿಗಳನ್ನು ದಾಟುವ ಶಕ್ತಿ ಅದಕ್ಕಿದೆ. 2022ರ ಮಾರ್ಚಿಯಲ್ಲಿ ಉಕ್ರೇನಿನ ಮೇಲೆ ಯುದ್ಧವೆರಗಿದ್ದಾಗ ಬಿಬಿಸಿಯು ಅಲ್ಲಿಯ ಜನರಿಗಾಗಿ ದಿನಕ್ಕೆ ನಾಲ್ಕು ಗಂಟೆಗಳ ಕಿರುತರಂಗ ವಾರ್ತಾಪ್ರಸಾರವನ್ನು ಆರಂಭಿಸಿತು.

ಇಂದಿಗೂ ಎಲ್ಲಿಯೋ ಒಂದು ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ, ಒಬ್ಬ ಕೇಳುಗ ಮುಳ್ಳನ್ನು ಮೆಲ್ಲನೆ ತಿರುಗಿಸುತ್ತಿರುತ್ತಾನೆ. ಗದ್ದಲದ ಅಡಿಯಿಂದ ತೆಳುವಾದ ದನಿಯೊಂದು ಏಳುತ್ತದೆ. ಉಸಿರು ಬಿಗಿಹಿಡಿದು ಆಲಿಸುತ್ತಾನೆ. ಹೆಸರು ಕೇಳಿಸುವಷ್ಟರಲ್ಲಿ ಅದು ಮುಳುಗುತ್ತದೆ. ಯಾವ ನಿಲಯವಾಗಿರಬಹುದೆಂಬ ಊಹೆ ಅವನಿಗೆ ಇದ್ದೇ ಇರುತ್ತದೆ. ಆದರೂ ಗಡಿಯಾರ ನೋಡಿ, ವೇಳೆಯನ್ನೂ ಆವೃತ್ತಿಯನ್ನೂ ಬರೆದು, ಅವುಗಳ ಮುಂದೆ 'ಗುರುತು ಸಿಗಲಿಲ್ಲ' ಎಂದು ನಮೂದಿಸಿ ಪುಸ್ತಕವನ್ನು ಮುಚ್ಚುತ್ತಾನೆ. ಮರುದಿನ ಅದೇ ಹೊತ್ತಿಗೆ ಮತ್ತೆ ಬಂದು ಕುಳಿತುಕೊಳ್ಳುತ್ತಾನೆ.